ಅರ್ಧಕ್ಕೆ ನಿಂತ ಅಪ್‌ಡೇಟ್

ವಡೋದರಾದ ಆ ಫ್ಲಾಟಿನಲ್ಲಿ ನಾನು ಮಲಗಿಕೊಂಡೇ ಕಳೆದ ಚಳಿಗಾಲವದು. ನನಗೆ ಐದನೇ ತಿಂಗಳು. ಅದಕ್ಕೂ ಮೊದಲು ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: ಹಾಸಿಗೆ ಬಿಟ್ಟು ಏಳಕೂಡದು, ಬಗ್ಗಕೂಡದು, ಬಾತ್‌ರೂಮಿಗೂ ಯಾರಾದರೂ ಕೈ ಹಿಡಿದೇ ಕರೆದೊಯ್ಯಬೇಕು. ಬ್ಯಾಂಕಿನವರು ನನ್ನ ಗಂಡನನ್ನು ಧಾರವಾಡದಿಂದ ಎತ್ತಿ ಇಲ್ಲಿಗೆ ಹಾಕಿದ್ದರು. ಅವರು ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ಗುಜರಾತಿ ಅಕ್ಕ, ಅಲ್ಲಿಯವರ ಮಾತಿನಲ್ಲಿ 'ಬೆನ್', ಆಗಾಗ ಬಂದು ನೋಡಿಕೊಳ್ಳುತ್ತಿದ್ದರು. ಉಳಿದ ಹೊತ್ತು ನಾನು, ನನ್ನ ಹೊಟ್ಟೆ, ಅಷ್ಟೇ.

ಹೊಟ್ಟೆಗೇ ಕಿವಿಗೊಟ್ಟು ಮಲಗಿದರೆ ಹುಚ್ಚು ಹಿಡಿಯುತ್ತದೆ. ಎಲ್ಲೋ ಒಂಚೂರು ಚುಳ್ ಎಂದರೂ ಜೀವ ಬಾಯಿಗೆ ಬರುತ್ತಿತ್ತು. ನನ್ನ ಅವಸ್ಥೆ ನೋಡಿ, ದುಬೈಯಿಂದ ರಜೆಗೆ ಬಂದಿದ್ದ ಮೈದುನ ಕೈಯಲ್ಲಿ ಹಿಡಿದು ಆಡುವ ತನ್ನ ಗೇಮ್ ಮಷೀನನ್ನು ನನಗೇ ಬಿಟ್ಟುಹೋದ. ಕಾರು ಓಡಿಸುವ ಆಟ. ಆಡುವಷ್ಟು ಹೊತ್ತಾದರೂ ಭಯ ಮರೆಯುತ್ತಿತ್ತು.

ಆಮೇಲೆ ಅದಕ್ಕೂ ರೋಗ ಬಂತು. ನಾನು ಗುಂಡಿ ಮುಟ್ಟದಿದ್ದರೂ ಕಾರು ಎಡಕ್ಕೇ ಎಳೆದು ಗೋಡೆಗೆ ಬಡಿಯುತ್ತಿತ್ತು.

"ವೈನಿ, ಗುಂಡಿ ಛಲೋನ ಅದಾವ. ಅದನ್ನ ನಡಸೋ ಒಳಗಿನ ಸಾಫ್ಟ್‌ವೇರ್ ಹಳೇದಾಗೇದ. ಅಪ್‌ಡೇಟ್ ಹಾಕ್ರಿ, ಸರಿ ಹೋಗ್ತದ" ಎಂದ ಮೈದುನ ಫೋನಿನಲ್ಲಿ. ನನ್ನ ಗಂಡ ಸೈಬರ್ ಕೆಫೆಗೆ ಹೋಗಿ ಅದನ್ನು ಮೆಮೊರಿ ಕಾರ್ಡಿಗೆ ಇಳಿಸಿಕೊಂಡು ಬಂದರು.

ನಮ್ಮ ಸಂಕ್ರಾಂತಿಯೇ ಅಲ್ಲಿಯವರಿಗೆ ಉತ್ತರಾಯಣ, ಪಟ ಹಾರಿಸುವ ಹಬ್ಬ. ಆ ರಜೆಯ ಮಧ್ಯಾಹ್ನ ಅಪ್‌ಡೇಟ್ ಶುರು ಮಾಡಿ ಮಷೀನನ್ನು ನನ್ನ ಪಕ್ಕದಲ್ಲಿಟ್ಟರು. "ಈ ಪಟ್ಟಿ ತುಂಬೋ ತನಕ ಮುಟ್ಟಬ್ಯಾಡ. ನಡುವ ಕರೆಂಟ್ ತಪ್ಪಿದ್ರ ಮಷೀನ್ ಸತ್ತಂಗ."

ಸತ್ತಂಗ! ಹಬ್ಬದ ದಿನ ಬಸುರಿಯ ಮುಂದೆ ಆಡುವ ಮಾತೇ ಇದು? ಚೆನ್ನಾಗಿ ಬೈದೆ. ಅಷ್ಟರಲ್ಲಿ ತಾರಸಿಯಿಂದ ಪಟ ಹಾರಿಸುವವರು ಕರೆದರು. "ಈಗ ಬಂದೆ" ಎಂದು ಮೇಲೆ ಹೋದರು ಮಹಾರಾಯರು.

ಪರದೆಯ ಮೇಲೆ ಬಿಳಿ ಪಟ್ಟಿ ಇರುವೆಯಂತೆ ಸರಿಯುತ್ತಿತ್ತು. ನನ್ನ ಹಾಳು ಮನಸ್ಸು ಸುಮ್ಮನಿರಬೇಕಲ್ಲ! ಈ ಪಟ್ಟಿ ತುಂಬಿದರೆ ನನ್ನ ಮಗು ಉಳಿಯುತ್ತದೆ ಎಂದುಕೊಂಡಿತು. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡೆ. ಆದರೆ ಅಂದುಕೊಂಡದ್ದಾಗಿತ್ತು.

ದುಬೈ ಚಾರ್ಜರಿನ ಪಿನ್ನು ನಮ್ಮ ಸಾಕೆಟ್ಟಿಗೆ ಕೂರುತ್ತಿರಲಿಲ್ಲ. ನಡುವೆ ಇನ್ನೊಂದು ಅಡಾಪ್ಟರ್ ಸಿಕ್ಕಿಸಿದ್ದರು. ಆ ಭಾರಕ್ಕೆ ಚಾರ್ಜರ್ ಸಮೇತ ಅಡಾಪ್ಟರ್ ಸಾಕೆಟ್ಟಿನಿಂದ ಮೆಲ್ಲಗೆ ಜಾರಿ ನೆಲಕ್ಕೆ ಬಿತ್ತು. ಪಟ್ಟಿ ಆಗಷ್ಟೇ ಅರ್ಧ ದಾಟಿತ್ತು. ಹಳೆಯ ಬ್ಯಾಟರಿ, ಕೆಂಪು ದೀಪ ಮಿಣುಕತೊಡಗಿತು.

"ರೀ!" ಎಂದು ಕೂಗಿದೆ. ಬೆನ್‌ರನ್ನೂ ಕೂಗಿದೆ. ಮೇಲೆ ಲೌಡ್‌ಸ್ಪೀಕರ್, ಪಟ ಕತ್ತರಿಸಿದವರ "ಕಾಪ್ಯೋ ಛೇ" ಅರಚಾಟ. ಯಾರಿಗೆ ಕೇಳಬೇಕು? ಸಾಕೆಟ್ ಎದುರು ಗೋಡೆಯ ಬುಡದಲ್ಲಿತ್ತು. ಎದ್ದು ಹೋಗಿ ಬಗ್ಗಿದರೆ ಆಯಿತು. ಒಂದು ಕಾಲು ಕೆಳಗಿಟ್ಟೆ. ಕಿಬ್ಬೊಟ್ಟೆ ಹಿಡಿದುಕೊಂಡಿತು.

ಏಳದಿದ್ದರೆ ಪಟ್ಟಿ ಹೋಗುತ್ತದೆ, ಆ ಪಟ್ಟಿಗೆ ಮಗುವನ್ನು ಕಟ್ಟಿದವಳು ನಾನೇ. ಎದ್ದರೆ? ಅಯ್ಯೋ ದೇವರೇ, ಎದ್ದರೆ? ಕಾಲನ್ನು ಮೇಲಕ್ಕೆಳೆದುಕೊಂಡು, ಎರಡೂ ಕೈ ಹೊಟ್ಟೆಯ ಮೇಲಿಟ್ಟು ಮಲಗಿದೆ. ನೋಡುತ್ತಿದ್ದಂತೆಯೇ ಪರದೆ ಕಪ್ಪಾಯಿತು.

ಗಂಡ ಇಳಿದು ಬಂದು ಏನೇನೋ ಒತ್ತಿ ನೋಡಿದರು. ಅದು ಮತ್ತೆ ಏಳಲಿಲ್ಲ. "ಹೋದ್ರ ಹೋತು ಬಿಡ, ಮಷೀನ್ ಅದು" ಎಂದು ನಕ್ಕರು.

"ನಗಬ್ಯಾಡ್ರಿ!" ಎಂದು ಚೀರಿದೆ. ಯಾಕೆಂದು ಹೇಳಲಿಲ್ಲ. ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಟ್ಟೀತು ಎಂಬ ಭಯ. ಆಮೇಲೆ ಪ್ರತಿ ಸ್ಕ್ಯಾನಿಗೂ ಕಣ್ಣು ಮುಚ್ಚಿಕೊಂಡೇ ಮಲಗುತ್ತಿದ್ದೆ; ಅಲ್ಲಿಯೂ ಪರದೆ ಕಪ್ಪಗೇ ಇರುತ್ತದೆ ನೋಡಿ. ಹೆರಿಗೆಯ ದಿನದವರೆಗೂ ಆ ಭಯ ಇಳಿಯಲಿಲ್ಲ.

ಮಗಳು ಹುಟ್ಟಿದಳು. ಹಲ್ಲು ಬರುವ ಹೊತ್ತಿಗೆ ಒಂದು ದಿನ ಕಪಾಟಿನ ಕೆಳಗಿನಿಂದ ಅದೇ ಮಷೀನನ್ನು ಎಳೆದುಕೊಂಡು ಅದರ ಅಂಚು ಕಡಿಯುತ್ತ ಕೂತಿದ್ದಳು. ಓಡಿಹೋಗಿ ಕಿತ್ತುಕೊಳ್ಳಲು ನೋಡಿದೆ. ಅವಳು ಬಿಡಲಿಲ್ಲ. ಮುಖ ಕೆಂಪು ಮಾಡಿಕೊಂಡು, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನನ್ನನ್ನೇ ಜಗ್ಗಿದಳು. ಎಷ್ಟು ಶಕ್ತಿ ಆ ಕೈಗಳಲ್ಲಿ! ಕೊನೆಗೆ ನಾನೇ ಬಿಟ್ಟುಕೊಟ್ಟು, ಅಲ್ಲೇ ನೆಲದ ಮೇಲೆ ಅವಳೆದುರು ಕೂತು ಅತ್ತುಬಿಟ್ಟೆ.