ಗುಂಡಿಯಿಲ್ಲದ ಮನೆಗೆ ಕಾಜಾ

ಹೈಸ್ಕೂಲಿನಲ್ಲಿ ಒಂದು ಕೈಗೆಲಸದ ವಿಷಯ ಆರಿಸಿಕೊಳ್ಳಿ ಎಂದಾಗ ನಾನು ಚಿತ್ರಕಲೆ ಎಂದು ಬರೆದುಕೊಟ್ಟೆ. ಮರುದಿನ ಅಪ್ಪ ಆಫೀಸಿಗೆ ತಡವಾದರೂ ಆಗಲೆಂದು ಶಾಲೆಗೆ ಬಂದು, ಅದನ್ನು ಹೊಡೆದುಹಾಕಿಸಿ ಹೊಲಿಗೆ ಎಂದು ಬರೆಸಿ ಹೋದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಇದಕ್ಕೆಲ್ಲ ಕಾರಣ ನಮ್ಮ ಆಯಿಯ ಕುಬಸ.

ಆಯಿ ಎಂದರೆ ಅಪ್ಪನ ತಾಯಿ. ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಹೊಲಿದ, ಎದೆಯ ಮುಂದೆ ಎರಡು ತುದಿ ಹಿಡಿದು ಗಂಟು ಹಾಕುವ ಕುಬಸ ಬಿಟ್ಟರೆ ಬೇರೇನನ್ನೂ ಆಕೆ ತೊಟ್ಟವಳಲ್ಲ. ಉರ್ದು, ತೆಲುಗು ಮಾತಿನ ಮಲ್ಕಾಜ್‌ಗಿರಿಯ ನಮ್ಮ ಓಣಿಯಲ್ಲಿ ಅದನ್ನು ಹೊಲಿಯಲು ಬರುತ್ತಿದ್ದದ್ದು ಬಾಗಲಕೋಟೆ ಕಡೆಯ ಒಬ್ಬ ಹೆಂಗಸಿಗೆ ಮಾತ್ರ. ಆಕೆಯ ಗಂಡ ರೈಲ್ವೆಯಿಂದ ನಿವೃತ್ತನಾದ ಮೇಲೆ ಇಬ್ಬರೂ ಊರಿಗೆ ಹೊರಟುಹೋದರು. ಕೋಠಿ ಪೇಟೆಯ ದರ್ಜಿಗಳು ಹುಕ್ಕಿನ ಬ್ಲೌಸು ಹೊಲಿಯುವವರು. ಅಲ್ಲಿ ಗಂಡಸಿನ ಮುಂದೆ ನಿಂತು ಅಳತೆ ಕೊಡುವ ಮಾತೆತ್ತಿದರೆ ಆಯಿ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅವ್ವನಿಗೆ ಸೂಜಿಗೆ ದಾರ ಪೋಣಿಸುವುದರಾಚೆ ಏನೂ ಬಾರದು. ಆಯಿಯ ಕುಬಸಗಳ ಬಗಲು ಹರಿದು, ಅದಕ್ಕೆ ತೇಪೆ ಬಿದ್ದು, ಆ ತೇಪೆಯೂ ಹರಿಯತೊಡಗಿತ್ತು. ಹೊಸ ಖಣ ಮಾತ್ರ ಟ್ರಂಕಿನಲ್ಲಿ ಹಾಗೇ ಬಿದ್ದಿತ್ತು.

"ನೀ ಕಲತು ಹೊಲದು ಕೊಡೂತನಕ ನಾ ಈ ಹರಕಾನ ಹಾಕ್ಕೋತೀನಿ, ತಗೋ" ಎಂದಳು ಆಯಿ, ನನಗೇ ಏನೋ ದೊಡ್ಡ ಉಪಕಾರ ಮಾಡುವವಳಂತೆ.

ಜೂನಿನಿಂದ ಹೊಲಿಗೆಯ ಟೀಚರು ನಮ್ಮಿಂದ ಹಳೆಯ ಬಟ್ಟೆಯ ತುಂಡಿನ ಮೇಲೆ ನೇರ ಹೊಲಿಗೆ ಹಾಕಿಸಿದರು. ಹಾಕಿದ್ದನ್ನು ಬಿಚ್ಚಿಸಿ ಮತ್ತೆ ಹಾಕಿಸಿದರು. ಕತ್ತರಿ ಯಾವಾಗ ಎಂದರೆ ದಸರಾ ಆಗಲಿ ಎಂದರು. ದಸರಾ ಆಯಿತು, ದೀಪಾವಳಿ ಆಗಲಿ ಎಂದರು. ಅಷ್ಟರಲ್ಲಿ ಡಿಸೆಂಬರ್ ಬಂತು, ಎಪ್ಪತ್ತೊಂದರ ಯುದ್ಧವೂ ಬಂತು. ಚಿತ್ರಕಲೆಯ ಹುಡುಗಿಯರು ಶಾಲೆಯ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದರು, ಸಂಗೀತದವರು ದಿನಾ ದೇಶಭಕ್ತಿಗೀತೆ ಹಾಡಿ ಗಂಟಲು ಕೆಡಿಸಿಕೊಂಡರು. ನಾವು ಹೊಲಿಗೆಯವರು ಆಸ್ಪತ್ರೆಯಲ್ಲಿರುವ ಗಾಯಾಳು ಸೈನಿಕರಿಗೆ ಅಂಗಿ ಹೊಲಿಯಬೇಕೆಂದು ಹೆಡ್‌ಮಿಸ್ಟ್ರೆಸ್ ಪ್ರಾರ್ಥನೆಯ ಹೊತ್ತಿಗೆ ಸಾರಿದರು. ಎರಡು ದಿನ ನಾನು ಎದೆಯುಬ್ಬಿಸಿಕೊಂಡು ಓಡಾಡಿದ್ದು ನಿಜ.

ಮೂರನೆಯ ದಿನ ಕೆಲಸ ಹಂಚಿದರು. ಬಟ್ಟೆ ಕತ್ತರಿಸುವುದು ಟೀಚರು. ಮಷೀನು ತುಳಿಯುವುದು ದೊಡ್ಡ ಹುಡುಗಿಯರು. ತೋಳು ಕೂಡಿಸುವುದು ಮುಂದಿನ ಬೆಂಚು. ನಮ್ಮ ಬೆಂಚಿಗೆ ಬಂದದ್ದು ಕಾಜಾ. ಗುಂಡಿ ತೂರಿಸಲು ಒಂದು ಸೀಳು ಕೊಟ್ಟು, ಅದರ ಅಂಚು ಬಿಚ್ಚದಂತೆ ಸುತ್ತ ದಾರ ಕಟ್ಟುತ್ತ ಹೋಗುವುದು, ಅಷ್ಟೆ. ಒಂದು ಅಂಗಿ ಮುಗಿದರೆ ಇನ್ನೊಂದು ಮಡಿಲಿಗೆ ಬೀಳುತ್ತಿತ್ತು.

ಯುದ್ಧ ಎರಡು ವಾರದಲ್ಲಿ ಮುಗಿಯಿತು. ಕಿಟಕಿಯ ಕಪ್ಪು ಕಾಗದ ಕಿತ್ತರು. ನಮ್ಮ ಕಾಜಾ ಮಾತ್ರ ಸಂಕ್ರಾಂತಿ ದಾಟಿತು, ಶಿವರಾತ್ರಿ ದಾಟಿತು. ತಾಳಲಾರದೆ ನಾನು ಎದ್ದು ನಿಂತು, "ಟೀಚರ್, ಲಡಾಯಿ ತೋ ಖತಂ ಹೋ ಗಯೀ" ಎಂದು ಯುದ್ಧ ಮುಗಿದದ್ದನ್ನು ನೆನಪಿಸಿದೆ.

ಟೀಚರು ಕನ್ನಡಕದ ಮೇಲಿಂದ ನೋಡಿದರು. "ಜಖ್ಮೀ ಲೋಗಾಂ ಖತಂ ಹೋ ಗಯೇ ಕ್ಯಾ? ಬಾತಾಂ ನಕ್ಕೋ ಕರೋ, ಕಾಜಾ ಕರೋ."

ಗಾಯಗೊಂಡವರು ಮುಗಿದುಹೋದರೇ, ಮಾತು ಬಿಟ್ಟು ಕಾಜಾ ಮಾಡು ಎಂದ ಮೇಲೆ ಸೂಜಿ ಹಿಡಿದು ಕುಳಿತುಕೊಂಡೆ.

ಮನೆಯಲ್ಲಿ ಇದಕ್ಕಿಂತ ಕಷ್ಟ. ನಾನು ಚಪ್ಪಲಿ ಬಿಡುವ ಮೊದಲೇ ಆಯಿ, "ಇವತ್ತೇನ ಕಲತಿ?" ಎನ್ನುತ್ತಿದ್ದಳು.

"ಕಾಜಾ."

"ಅದು ನಿನ್ನೆ ಕಲತಿದ್ದಿ."

"ಇವತ್ತೂ ಅದನ, ಆಯಿ."

"ಗುಂಡಿನ ಇಲ್ಲದ ಮನ್ಯಾಗ ಕಾಜಾ ತಗೊಂಡು ಏನ ಮಾಡೂದು?"

ಅದನ್ನೇ ನಾನೂ ಕೇಳುತ್ತಿದ್ದೆ.

ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕಿಯ ಕೈಗೆ ಟೀಚರು ಒಂದು ಪೂರ್ತಿ ಅಂಗಿ ಇಟ್ಟು, ಇದು ಈ ಹುಡುಗಿಯ ಕೆಲಸ ಎಂದುಬಿಟ್ಟರು. ಆಕೆ ಕಾಜಾ ತಿರುಗಿಸಿ ತಿರುಗಿಸಿ ನೋಡಿ ತಲೆದೂಗಿದರು. ಹೊಲಿಗೆಯಲ್ಲಿ ಇಡೀ ತರಗತಿಗೆ ನಾನೇ ಮೊದಲು! ಅಪ್ಪ ಪೇಢೆ ತಂದು ಓಣಿಗೆಲ್ಲ ಹಂಚಿದರು. ಆಯಿ ಟ್ರಂಕಿನಿಂದ ಖಣ ತೆಗೆದು ನನ್ನ ಮುಂದೆ ಇಟ್ಟಳು.

"ಆಯಿ, ನನಗ ಬರೂದಿಲ್ಲ."

"ಬರೂದಿಲ್ಲ ಅಂದ್ರ ಫಸ್ಟ್ ಹೆಂಗ ಬಂದಿ?"

ಆಕೆ ಮೂಲೆಗೆಸೆದಿದ್ದ ಒಂದು ಹಳೆಯ ಕುಬಸದ ಹೊಲಿಗೆ ಬಿಚ್ಚಿ, ತುಂಡುಗಳನ್ನು ಖಣದ ಮೇಲೆ ಹರಡಿ, ಅವುಗಳ ಅಂಚಿನುದ್ದಕ್ಕೂ ಕತ್ತರಿಸಿದೆ. ಪಕ್ಕದ ಮನೆಯ ಮಷೀನಿನಲ್ಲಿ ಹೊಲಿದೆ. ತೋಳು ಸರಿ ಬಂತು, ಬೆನ್ನು ಸರಿ ಬಂತು. ಆಯಿ ತೊಟ್ಟು ಮುಂದಿನ ತುದಿಗಳನ್ನು ಎಳೆದಳು. ಗಂಟಿಗೆ ಸಿಗಲಿಲ್ಲ. ಎರಡೂ ಅಂಚು ಒಂದಕ್ಕೊಂದು ತಾಗಿ ಅಲ್ಲೇ ನಿಂತವು. ತುದಿ ಸವೆದು ಗಂಟಿಗೆ ಸಿಗದೆ ಹೋದದ್ದಕ್ಕೇ ಆಕೆ ಆ ಹಳೆಯದನ್ನು ಮೂಲೆಗೆಸೆದದ್ದಂತೆ. ಈಗ ಹೇಳುತ್ತಾಳೆ!

ಆಯಿ ಬೈಯಲಿಲ್ಲ. ಖಣದ ಮೇಲೆ ಸುಮ್ಮನೆ ಕೈಯಾಡಿಸುತ್ತ ಕುಳಿತಳು. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಎದ್ದುಹೋಗುತ್ತಿದ್ದೆ. ಅದನ್ನು ನೋಡಲಾಗದೆ ಕುಬಸ ತೆಗೆಸಿದೆ, ಉಳಿದ ಖಣದಲ್ಲಿ ಒಂದು ಪಟ್ಟಿ ಕತ್ತರಿಸಿ ಮುಂದಕ್ಕೆ ಕೂಡಿಸಿದೆ, ಅಪ್ಪನ ಹಳೆಯ ಅಂಗಿಯ ಗುಂಡಿಗಳನ್ನು ಕಿತ್ತು ಅದಕ್ಕೆ ಹೊಲಿದೆ, ಮತ್ತು ನನಗೆ ಬರುತ್ತಿದ್ದ ಒಂದೇ ಒಂದು ಕೆಲಸ ಮಾಡಿದೆ.

"ಸಿಪಾಯಿ ಮಾಡಿದಿಯಲ್ಲ ನನ್ನ" ಎಂದಳು ಆಯಿ. ಆದರೆ ತೊಟ್ಟಳು. ಸಂಜೆ ಅದನ್ನು ಗಂಟು ಬಿಚ್ಚುವಂತೆ ಎರಡೂ ಕಡೆ ಹಿಡಿದೆಳೆದದ್ದಕ್ಕೆ ಒಂದು ಗುಂಡಿ ಹಾರಿ ಒಲೆಯ ಕೆಳಗೆ ಹೋಯಿತು.

ಅಲ್ಲಿಂದ ನನ್ನ ಪಾಡು ಕೇಳಬೇಡಿ. ಮುಂಜಾನೆ ನಾನು ಬಸ್ಸಿಗೆ ಓಡುವ ಹೊತ್ತಿಗೆ ಸರಿಯಾಗಿ ಆಯಿ ಬಾಗಿಲಿಗೆ ಅಡ್ಡ ಬಂದು, "ಗುಂಡಿ ಹಚ್ಚು ಬಾರವಾ" ಎನ್ನುತ್ತಿದ್ದಳು. ತಾನೇ ಗುಂಡಿ ಹಾಕಿಕೊಂಡರೆ ಮೇಲಿನಿಂದ ಶುರುಮಾಡಿ, ಒಂದರ ಗುಂಡಿ ಇನ್ನೊಂದರ ಕಾಜಾಕ್ಕೆ ಸೇರಿಸಿ, ಕೆಳಗೊಂದು ಗುಂಡಿ ಅನಾಥವಾಗುತ್ತಿತ್ತು. ಕೆಳಗಿನಿಂದ ಶುರುಮಾಡು ಎಂದು ಎಷ್ಟು ಕಲಿಸಿದರೂ ವ್ಯರ್ಥ. ಅವ್ವ ಮುಂದೆ ಬಂದರೆ, "ನಿನಗ ತಿಳಿಯೂದಿಲ್ಲ, ಆಚೆ ಸರಿ" ಎನ್ನುವಳು. ಹಾಗಾದರೆ ಗಂಟಿನ ಕುಬಸವನ್ನೇ ಸರಿಯಾಗಿ ಕಲಿತು ಹೊಲಿಯುತ್ತೇನೆ ಎಂದರೆ ಬೇಡವಂತೆ, ಇದೇ ಇರಲಂತೆ. ಹೊಸದಾಗಿ ಹೊಲಿದವೆಲ್ಲ ಗುಂಡಿಯವೇ ಆದವು. ಕಾಲೇಜು ಮುಗಿಯುವತನಕ ನಾನು ತಪ್ಪಿಸಿಕೊಂಡ ಬಸ್ಸುಗಳೆಲ್ಲ ಆಯಿಯ ಲೆಕ್ಕಕ್ಕೆ ಸೇರಬೇಕು.

ಮದುವೆಯಾಗಿ ಗಂಡನ ಊರಿಗೆ ಹೊರಟ ದಿನ ಕಾಚಿಗೂಡ ಸ್ಟೇಷನ್ನಿಗೆ ಓಣಿಯೇ ಬಂದಿತ್ತು. ಎಲ್ಲರೂ ಹೇಳುವುದನ್ನೆಲ್ಲ ಹೇಳಿದರು, ಅಳುವುದನ್ನೂ ಅತ್ತರು. ಆಯಿ ಮಾತ್ರ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ರೈಲು ಅಲುಗಿದಾಗ ಹೆದರಿದವಳಂತೆ ಕೇಳಿದಳು: "ನಾಳೆ ಮುಂಜಾನಿ ನನ್ನ ಗುಂಡಿ ಯಾರ ಹಚ್ಚತಾರ?"

ಇಷ್ಟು ವರ್ಷ ಕಲಿಸಿದ್ದೆಲ್ಲ ನೀರುಪಾಲಾಯಿತಲ್ಲ ಎಂದು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೊಸ ಗಂಡ ಪಕ್ಕದಲ್ಲಿದ್ದಾನೆ, ಡಬ್ಬಿಯ ತುಂಬ ಜನ ನೋಡುತ್ತಿದ್ದಾರೆ ಎಂಬ ಪರಿವೆಯಿಲ್ಲದೆ, ಪ್ಲಾಟ್‌ಫಾರ್ಮಿನ ಮೇಲೆ ಚಿಕ್ಕವಳಾಗುತ್ತಿದ್ದ ಆಯಿಗೆ ಅಳುತ್ತಲೇ ಕೂಗಿದೆ: "ಕೆಳಗಿನಿಂದ ಸುರು ಮಾಡ, ಆಯಿ! ಕೆಳಗಿನಿಂದ!"