ಚೀಲದಲ್ಲಿ ಹಿಡಿಸುವ ತೋಟ

ದೊಡ್ಡ ಬಾಯಾರ ಉಗುರುಗಳಿಂದ ಎರೆಮಣ್ಣು ಎಂದೂ ಹೋಗುತ್ತಿರಲಿಲ್ಲ. ಕಚೇರಿಯ ಖಾಕಿ ಟೊಪ್ಪಿಗೆಯ ಜವಾನ ಯಾರಾದರೂ ಭಾಲ್ಕಿಯ ನಮ್ಮ ಹೆಣ್ಣುಮಕ್ಕಳ ಶಾಲೆಯ ಬಾಗಿಲಿಗೆ ಬಂದರೆ ಸಾಕು, ಆ ಕೈಗಳನ್ನು ಸೆರಗಿನೊಳಗೆ ಸೇರಿಸಿಬಿಡುತ್ತಿದ್ದರು. ನಡುಗುವುದು ಕಾಣಬಾರದೆಂದು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಬಾಯಾರು ನಮ್ಮ ಮುಖ್ಯೋಪಾಧ್ಯಾಯಿನಿ. ನಿಜಾಮರ ಕಾಲದಲ್ಲಿ ಉರ್ದು ಕಲಿತು ನೌಕರಿಗೆ ಬಂದವರು. ಮನೆಮಾತು ಕನ್ನಡ, ಆದರೆ ಕನ್ನಡ ಅಕ್ಷರ ಬಾರದು. ಅಂಥವರನ್ನು ದೂರದ ಜಿಲ್ಲೆಗಳಿಗೆ ಎತ್ತಿ ಹಾಕುತ್ತಾರೆಂದು ಊರೆಲ್ಲ ಗುಲ್ಲು. ಬೀದರಿಗೆ ಹೋಗಿಬರುವುದಕ್ಕೂ ದೇವರಿಗೆ ಕಾಯಿ ಒಡೆಯುತ್ತಿದ್ದ ವಿಧವೆಗೆ ಇದಕ್ಕಿಂತ ದೊಡ್ಡ ಭೂತ ಬೇಕೇ? ನಾನು ಕನ್ನಡ ಕಲಿಸಲೆಂದು ನೇಮಕವಾಗಿ ಬಂದ ಇಪ್ಪತ್ತರ ಹುಡುಗಿ, ಅವರ ಮನೆಯ ಹಿಂದಿನ ಕೋಣೆಯಲ್ಲೇ ಇದ್ದೆ.

ಒಮ್ಮೆ ಹಿತ್ತಲಲ್ಲಿ ಮಲ್ಲಿಗೆ ನೆಡೋಣವೆಂದೆ.

"ಬ್ಯಾಡ ತಂಗಿ. ಮಲ್ಲಿಗಿ ಬೇರು ಬಿಟ್ಟಿತಂದ್ರ ಮುಗೀತು. ನಾಳಿ ಬದ್ಲಿ ಹುಕುಂ ಬಂದ್ರ ಕಿತ್ತು ಒಯ್ಯಾಕ ಆಗ್ತದೇನು? ಗಡ್ಡಿ ಹಚ್ಚು. ಚೀಲದಾಗ ಹಾಕ್ಕೊಂಡು ಬಸ್ ಹತ್ತಬಹುದು."

ಹೀಗೆ ಅಂಜಿಕೆಯೇ ಅವರ ತೋಟವನ್ನು ಆರಿಸಿತ್ತು. ದಾಸವಾಳ, ಪಾರಿಜಾತಗಳಿಗೆ ಜಾಗವಿಲ್ಲ. ಸುಗಂಧರಾಜ, ಡೇರೆ, ಲಿಲ್ಲಿ ಮಾತ್ರ. ಅವುಗಳಲ್ಲೂ ಭಾರೀ ಪರೀಕ್ಷೆ. "ಮ್ಯಾಲಿನ ಸಿಪ್ಪಿ ನೋಡಿ ಮರುಳಾಗಬ್ಯಾಡ, ಬುಡಾ ಒತ್ತಿ ನೋಡು" ಎನ್ನುತ್ತ ಹೆಬ್ಬೆರಳಿಗೆ ಮೆತ್ತಗೆ ಹತ್ತಿದ ಗಡ್ಡೆಯನ್ನು ಆಚೆ ಎಸೆಯುತ್ತಿದ್ದರು. ಎರೆಯಲ್ಲಿ ನೀರು ನಿಂತು ಗಡ್ಡೆ ಕೊಳೆಯುತ್ತದೆಂದು ಬೀದರಿನ ಕೆಂಪು ಮೊರಂ ಗರಸುಮಣ್ಣು ತರಿಸಿ ಕಲಸುತ್ತಿದ್ದರು.

ಶ್ರಾವಣದಲ್ಲಿ ಸುಗಂಧರಾಜ ಮೊಗ್ಗು ಹಿಡಿದಾಗ ಜವಾನನೊಬ್ಬ ಶಾಲೆಯ ಹೆಸರಿನ ಲಕೋಟೆಯೊಂದನ್ನು ಕೊಟ್ಟುಹೋದ. ಬಾಯಾರು ಹರಿದು ನೋಡಿದರೆ ಒಳಗೆ ಕನ್ನಡ. ನನಗೆ ತೋರಿಸಲೇ ಇಲ್ಲ, ಕುಬಸದಲ್ಲಿ ಇಟ್ಟುಕೊಂಡರು. ಎರಡು ದಿನ ಅವರಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಶಾಲೆಯಿಂದ ಬಂದು ನೋಡುತ್ತೇನೆ, ಹಿತ್ತಲೆಲ್ಲ ಕುಳಿ. ಮೊಗ್ಗಿದ್ದ ಗಿಡಗಳನ್ನೂ ಬಿಡದೆ ಕಿತ್ತು, ಗಡ್ಡೆಗಳನ್ನು ಚೀಲಕ್ಕೆ ತುಂಬಿ ಕೂತಿದ್ದರು. ಕುಬಸದಿಂದ ಲಕೋಟೆ ತೆಗೆದು ನನ್ನ ಕೈಗಿಟ್ಟರು.

"ಓದು ತಂಗಿ. ಎಲ್ಲಿಗಿ ಹಾಕ್ಯಾರ, ಹೇಳಿಬಿಡು."

ಓದಿದೆ. ವರ್ಗವಾದದ್ದು ನನಗೆ, ಔರಾದಿಗೆ.

ಕೇಳಿದೊಡನೆ ಅವರ ಮುಖದಲ್ಲಿ ನಗು ಬಂತು. ನನ್ನ ಮುಖ ನೋಡಿ ಅಲ್ಲೇ ಆರಿತು. ನಾನು ಒಬ್ಬಳೇ ಎಲ್ಲಿಯೂ ಇದ್ದವಳಲ್ಲ. ಔರಾದಿನಲ್ಲಿ ಗೊತ್ತಿರುವ ಒಂದು ಜೀವವೂ ಇರಲಿಲ್ಲ.

"ನಾ ಹೋಗಂಗಿಲ್ರಿ ಬಾಯಾರ, ನೌಕರಿ ಬಿಡ್ತೇನಿ" ಎಂದು ಅತ್ತೆ.

"ಹುಚ್ಚಿ! ಅಂಜಿಕಿಗಿ ಯಾರರೆ ನೌಕರಿ ಬಿಡ್ತಾರೇನು? ನಾ ಬರ್ತೇನಿ, ನಡಿ."

ಬಂದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನನ್ನ ಕೈ ಬಿಡಲಿಲ್ಲ. ನಡುಗುತ್ತಿದ್ದದ್ದು ಮಾತ್ರ ಅವರ ಕೈ. ಎಂಟು ದಿನ ಇದ್ದು, ಮನೆ ಹುಡುಕಿಕೊಟ್ಟು, ತಂದಿದ್ದ ಗಡ್ಡೆಗಳನ್ನೆಲ್ಲ ನನ್ನ ಅಂಗಳದಲ್ಲಿ ಊರಿ, ಒಬ್ಬರೇ ತಿರುಗಿ ಹೋದರು. ಅವರಿಲ್ಲದಿದ್ದರೆ ನನಗೆ ನೌಕರಿಯೂ ಇಲ್ಲ, ಈ ಬದುಕೂ ಇಲ್ಲ.

ಅವರ ವರ್ಗದ ಹುಕುಂ ಕಡೆಗೂ ಬರಲೇ ಇಲ್ಲ. ಕೆಲವು ವರ್ಷಗಳ ಮೇಲೆ ಭಾಲ್ಕಿಯಲ್ಲೇ ತೀರಿಕೊಂಡರು. ಸುದ್ದಿ ಮುಟ್ಟಿದ ದಿನ ನಮ್ಮ ಶಾಲೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಮಧ್ಯಾಹ್ನದ ಬಸ್ಸು ಹಿಡಿದಿದ್ದರೆ ಮಣ್ಣು ಕೊಡುವ ಹೊತ್ತಿಗೆ ಮುಟ್ಟುತ್ತಿದ್ದೆ. ರಜೆ ಕೇಳಲು ಹೆದರಿದೆ. ಹೋಗಲಿಲ್ಲ.