ಸೈರನ್ ಇಲ್ಲದ ಬಡಾವಣೆ

ಶಿವಮೊಗ್ಗದ ಗೋಪಾಳ ಬಡಾವಣೆಯ ಹೊಸ ಮನೆಗೆ ಬಂದ ಮರುದಿನ, ಬೆಳಗಿನ ತಿಂಡಿಯ ಪಾತ್ರೆಗಳನ್ನೂ ನಾನಿನ್ನೂ ತೊಳೆದಿರಲಿಲ್ಲ, ಅತ್ತೆ ಊಟಕ್ಕೆ ತಟ್ಟೆ ಹಾಕಿಕೊಂಡು ಕೂತಿದ್ದರು.

“ಮಧ್ಯಾಹ್ನದ ಸೈರನ್ ಯಾಕೆ ಇನ್ನೂ ಆಗ್ಲಿಲ್ಲ ಮಾರಾಯ್ತಿ?”

“ಕಾರ್ಖಾನೆ ಭದ್ರಾವತಿಯಲ್ಲೇ ಉಳೀತಲ್ಲ ಅತ್ತೆ. ಎದುರಿಗೇ ಗಡಿಯಾರ ಇದೆ, ನೋಡಿ.”

ಅವರು ಕಿಟಕಿಯ ಕಡೆ ತಿರುಗಿ, “ಎಲ್ಲಿ?” ಎಂದರು. ಗಡಿಯಾರ ಇದ್ದದ್ದು ಈಚೆ ಗೋಡೆಯಲ್ಲಿ. ಬಗ್ಗಿ ನೋಡಿದೆ. ಎರಡೂ ಕಣ್ಣಿನಲ್ಲಿ ಪೊರೆ ಬೆಳ್ಳಗೆ ಕಟ್ಟಿತ್ತು.

ಭದ್ರಾವತಿಯ ನನ್ನ ಹಳೆಯ ನೆರೆಹೊರೆಯವರೇ, ಅರ್ಧ ಗಂಟೆಯ ಬಸ್ಸಿನ ದಾರಿಗೆ ಇವಳು ಊರು ಬಿಟ್ಟ ಕಥೆ ಹೇಳುತ್ತಿದ್ದಾಳೆ ಎಂದು ನೀವು ನಗುತ್ತೀರಿ. ನಗಿ. ಆದರೆ ಅಲ್ಲಿ ನಮ್ಮ ಕ್ವಾರ್ಟರ್ಸ್‌ನ ಬಾಗಿಲಿಗೆ ಹಗಲು ಹೊತ್ತು ಚಿಲಕವೇ ಬೀಳುತ್ತಿರಲಿಲ್ಲ. ಅತ್ತೆಯ ಸೂಜಿಗೆ ದಾರ ಪೋಣಿಸುತ್ತಿದ್ದದ್ದು, ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದದ್ದು ಪಕ್ಕದ ಮನೆಯ ಸೆಲ್ವಿ ಅಕ್ಕ. ಹೊತ್ತು ಹೇಳಲು ಸೈರನ್ ಇತ್ತು. ಹಾಗಾಗಿ ಅತ್ತೆಗೆ ಕಣ್ಣು ಮಂಜಾಗಿದ್ದು ಯಾರಿಗೂ ತಿಳಿಯಲಿಲ್ಲ, ಒಂದೇ ಮನೆಯಲ್ಲಿದ್ದ ನನಗೂ ತಿಳಿಯಲಿಲ್ಲ. ಇಲ್ಲಿ ಎಲ್ಲರಿಗೂ ಕಾಂಪೌಂಡು, ಗೇಟು, ಗೇಟಿನೊಳಗೊಂದು ನಾಯಿ. ಸೊಪ್ಪಿನವಳು ಕೂಡ ನನ್ನನ್ನು ಮೇಡಂ ಅನ್ನುತ್ತಾಳೆ.

ನನ್ನ ಯಜಮಾನರು ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದರು. ಅದರ ಜೊತೆಗೆ ಕಾರ್ಖಾನೆಯ ಆಸ್ಪತ್ರೆಯ ಸೌಲಭ್ಯವೂ ಹೋಯಿತು. ಬಂದ ದುಡ್ಡು ಈ ಮನೆಗೆ ಹೋಯಿತು. ಅಲ್ಲಿ ಆಸ್ಪತ್ರೆಯ ಪುಸ್ತಕ ತೋರಿಸಿದರೆ ಸಾಕಿತ್ತು. ಇಲ್ಲಿ ವಿಮೆಯ ಏಜೆಂಟರನ್ನು ಕರೆದು ಸೋಫಾದಲ್ಲಿ ಕೂರಿಸಿದೆವು.

“ಪೊರೆ ಆಪರೇಷನ್‌ಗೆ ಪಾಲಿಸಿ ಮಾಡಿ ಎರಡು ವರ್ಷ ಆಗ್ಬೇಕು ಮೇಡಂ,” ಎಂದರು ಅವರು. “ಈಗ್ಲೇ ಡಾಕ್ಟ್ರಿಗೆ ತೋರಿಸ್ಬೇಡಿ. ಚೀಟೀಲಿ ಬರೆದ್ಬಿಟ್ರೆ ಹಳೇ ಕಾಯಿಲೆ ಅಂತ ದುಡ್ಡು ಕೊಡಲ್ಲ.”

ಒಳಗಿನಿಂದ ಅತ್ತೆ, “ಎರಡು ವರ್ಷ ತಾನೆ? ನಾನೇನು ಬಸ್ ಓಡಿಸ್ಬೇಕಾ?” ಎಂದರು. ಎಲ್ಲರೂ ನಕ್ಕೆವು. ಅವರೇ ಒಪ್ಪಿದರಲ್ಲ ಎಂದು ನನಗೆ ಸಮಾಧಾನವಾಯಿತು.

ಕಣ್ಣಿನ ಉಚಿತ ಶಿಬಿರಗಳು ಆಗಾಗ ನಡೆಯುತ್ತಿದ್ದವು. ಸ್ವಂತ ಮನೆ ಕಟ್ಟಿ ಮೇಡಂ ಅನ್ನಿಸಿಕೊಂಡ ಮೇಲೆ ಆ ಸಾಲಿನಲ್ಲಿ ನಿಲ್ಲಲು ನನಗೆ ನಾಚಿಕೆ. ಅದರ ಬದಲು ಗಾಂಧಿ ಬಜಾರಿನಿಂದ ಗಂಟೆ ಹೊಡೆಯುವ ಗಡಿಯಾರ ತಂದು ಗೋಡೆಗೆ ಹಾಕಿದೆ. “ಮನೆಗೇ ಸೈರನ್ ತಂದ್ಯಲ್ಲೇ,” ಎಂದು ಅತ್ತೆ ಅದರ ಮೈದಡವಿದರು. ನಾನು ಹಿಗ್ಗಿದೆ.

ಆ ನಡುವೆ ಒಂದು ದಿನ ಸೆಲ್ವಿ ಅಕ್ಕ ಬಂದರು. ಅವರ ಯಜಮಾನರ ಕೆಲಸವೂ ಮುಗಿದಿತ್ತು, ಸಂಸಾರ ಸಮೇತ ಸೇಲಂ ಕಡೆಗೆ ಹೊರಟಿದ್ದರು. ಅತ್ತೆ ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸೆಲ್ವಿ ಅಕ್ಕ ನನ್ನ ಕಡೆ ನೋಡಿ, “ಕಣ್ಣು ಇನ್ನೂ ಡಾಕ್ಟ್ರಿಗೆ ತೋರಿಸ್ಲಿಲ್ವಾಮ್ಮ?” ಎಂದರು.

“ಪಾಲಿಸಿಗೆ ಇನ್ನೂ ಟೈಮ್ ಆಗ್ಬೇಕು,” ಎಂದೆ. ಅವರ ಮುಖ ನೋಡಲಾರದೆ ಕಾಫಿ ನೆಪದಲ್ಲಿ ಅಡುಗೆಮನೆ ಸೇರಿದವಳು, ಅವರು ಹೊರಡುವ ತನಕ ಅಲ್ಲೇ ಏನೇನೋ ಒರೆಸುತ್ತಾ ನಿಂತೆ. ಇಬ್ಬರೂ ಹೊರಗೆ ಪಿಸುಗುಟ್ಟುವುದು, ನಗುವುದು, ಮೂಗು ಸೀಟುವುದು ಕೇಳಿಸುತ್ತಿತ್ತು.

ಎರಡು ವರ್ಷ ತುಂಬಿತು. ಒಂದು ಕಣ್ಣಿನ ಆಪರೇಷನ್ ಆಯಿತು, ವಿಮೆಯವರು ತಕರಾರಿಲ್ಲದೆ ದುಡ್ಡು ಕೊಟ್ಟರು. ಪಟ್ಟಿ ಬಿಚ್ಚಿ ಮನೆಗೆ ಬಂದ ಅತ್ತೆ, “ಗೋಡೆ ಹಸಿರಾ? ನಾನು ಹಳದಿ ಅಂದ್ಕೊಂಡಿದ್ದೆ,” ಎಂದರು. ನನ್ನನ್ನು ನೋಡಿ, “ನಿನ್ನ ಕೂದಲು ಯಾವಾಗ ಬೆಳ್ಳಗಾಯ್ತೇ?” ಎಂದರು. ಆಮೇಲೆ ಭದ್ರಾವತಿಗೆ ಕರೆದುಕೊಂಡು ಹೋಗು ಎಂದು ಹಟ ಹಿಡಿದರು.

ಹೋದೆವು. ಸೆಲ್ವಿ ಅಕ್ಕನ ಮನೆಗೆ ಬೀಗ ಹಾಕಿತ್ತು. ಬೀಗವನ್ನೇ ನೋಡುತ್ತಾ ನಿಂತಿದ್ದಾಗ ಸೈರನ್ ಕೂಗಿತು. ಅದು ನಿಂತ ಮೇಲೆ ಅತ್ತೆ ಸೆಲ್ವಿ ಅಕ್ಕನ ಮಾತು ತೆಗೆದರು.

“ಅವತ್ತು ಬಂದಾಗ ಬಡವಾಗಿದ್ಲೇನೇ?”

“ಇಲ್ಲ ಅತ್ತೆ, ಹಾಗೇ ಇದ್ರು.”

“ಯಾವ ಸೀರೆ ಉಟ್ಟಿದ್ಲು?”

ನನಗೆ ನೆನಪೇ ಇರಲಿಲ್ಲ. “ನೀಲಿ,” ಎಂದೆ.

“ಕೆಂಪು ಅಂತ ಅವಳೇ ನಂಗೆ ಹೇಳಿದ್ಲು,” ಎಂದು ಅತ್ತೆ ಆ ಹೊಸ ಕಣ್ಣಿನಿಂದ ನನ್ನನ್ನೇ ನೋಡಿದರು.

ಶಿವಮೊಗ್ಗದ ಬಸ್ಸು ಬಂತು. ನಾನು ಚಾಚಿದ ಕೈ ಹಿಡಿಯದೆ ಅವರೇ ಹತ್ತಿದರು. ಕಾರ್ಖಾನೆಯ ಚಿಮಣಿ ಮರೆಯಾಗುವವರೆಗೂ ಅವರು ಹಿಂದಕ್ಕೆ ತಿರುಗಿಯೇ ಕೂತಿದ್ದರು, ನಾನು ಮುಂದೆ ನೋಡುತ್ತಾ ಕೂತಿದ್ದೆ.